ವಾಹನಗಳ ಚಳಿಗಾಲದ ನಿಲುಗಡೆ

ವಾಹನಗಳ ಚಳಿಗಾಲದ ನಿಲುಗಡೆ ಎಂದರೆ ಹಿಮ ಬೀಳುವ ದೇಶಗಳಲ್ಲಿ ಕಾರು, ಮೋಟಾರು ಸೈಕಲ್ ಮೊದಲಾದ ವಾಹನಗಳನ್ನು ಶರತ್ಕಾಲದ ಕೊನೆಯಿಂದ ವಸಂತದ ಆರಂಭದವರೆಗೆ ಓಡಿಸದೆ ಒಂದೆಡೆ ನಿಲ್ಲಿಸಿಡುವ ರೂಢಿ. ಕೆನಡಾ, ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರ ರಾಜ್ಯಗಳು, ಜರ್ಮನಿ ಹಾಗೂ ಸ್ಕ್ಯಾಂಡಿನೇವಿಯಾದ ದೇಶಗಳಲ್ಲಿ ಇದು ಸಾಮಾನ್ಯ. ಹೀಗೆ ನಿಂತ ವಾಹನವು ಸವೆಯದೆ ವಿಶ್ರಾಂತಿಯಲ್ಲಿರುತ್ತದೆ ಎಂಬ ಭಾವನೆ ವ್ಯಾಪಕವಾಗಿದ್ದರೂ ವಾಸ್ತವ ಹಾಗಿಲ್ಲ. ನಿಂತಿರುವಾಗಲೂ ಬ್ಯಾಟರಿ ಬರಿದಾಗುತ್ತದೆ, ಟೈರಿನ ಗಾಳಿ ಇಳಿಯುತ್ತದೆ, ಬ್ರೇಕ್ ಡಿಸ್ಕುಗಳು ತುಕ್ಕು ಹಿಡಿಯುತ್ತವೆ, ಪೆಟ್ರೋಲು ಹಳಸುತ್ತದೆ, ಇಲಿಗಳು ಒಳಸೇರುತ್ತವೆ. ಇವುಗಳಲ್ಲಿ ಹೆಚ್ಚಿನವು ಹಣ ಮತ್ತು ಸಮಯದ ನಷ್ಟಕ್ಕೆ ಸೀಮಿತವಾದ ತೊಂದರೆಗಳು. ಬ್ರೇಕು, ಟೈರು ಮತ್ತು ಎಂಜಿನ್ನಿನ ಹೊಗೆಗೆ ಸಂಬಂಧಿಸಿದವು ಮಾತ್ರ ಪ್ರಾಣಕ್ಕೇ ಅಪಾಯ ತರಬಲ್ಲವು. ವಸಂತದಲ್ಲಿ ವಾಹನವನ್ನು ಹೊರತೆಗೆದ ನಂತರದ ಮೊದಲ ಕೆಲವು ಕಿಲೋಮೀಟರುಗಳ ಪ್ರಯಾಣಕ್ಕೆ ವಿಶೇಷ ಎಚ್ಚರ ಬೇಕಾಗುವುದು ಈ ಕಾರಣದಿಂದ.

ಹಿನ್ನೆಲೆ

ವಾಹನವನ್ನು ನಿಲ್ಲಿಸಿಡಲು ಮುಖ್ಯ ಕಾರಣ ರಸ್ತೆಯ ಉಪ್ಪು. ಮಂಜುಗಡ್ಡೆ ಕರಗಿಸಲು ರಸ್ತೆಗಳ ಮೇಲೆ ಸೋಡಿಯಂ ಕ್ಲೋರೈಡನ್ನು ಚೆಲ್ಲಲಾಗುತ್ತದೆ. ಉಪ್ಪುನೀರು ವಾಹನದ ತಳಭಾಗಕ್ಕೆ ಸಿಡಿದು ಉಕ್ಕನ್ನು ವೇಗವಾಗಿ ತಿನ್ನುತ್ತದೆ. ಹಳೆಯ ಕಾಲದ ಕಾರುಗಳು, ಮಡಚುವ ಛಾವಣಿಯ ಕಾರುಗಳು ಮತ್ತು ಮೋಟಾರು ಸೈಕಲ್ಲುಗಳ ಮಾಲೀಕರು ಇದೇ ಕಾರಣಕ್ಕೆ ಅವುಗಳನ್ನು ಚಳಿಗಾಲದಲ್ಲಿ ಹೊರತೆಗೆಯುವುದಿಲ್ಲ. ಚಳಿಯನ್ನು ತಪ್ಪಿಸಿಕೊಳ್ಳಲು ಫ್ಲಾರಿಡಾದಂತಹ ಬೆಚ್ಚಗಿನ ಪ್ರದೇಶಗಳಿಗೆ ಹೋಗುವ ಹಿರಿಯರ ಕಾರುಗಳೂ, ಡಿಸೆಂಬರ್ ರಜೆಯಲ್ಲಿ ಒಂದೆರಡು ತಿಂಗಳು ಊರಿಗೆ ಬರುವ ಭಾರತೀಯರ ಕಾರುಗಳೂ ಹೀಗೆ ನಿಂತಲ್ಲೇ ಉಳಿಯುತ್ತವೆ.

ಕೆಲವು ದೇಶಗಳ ಕಾನೂನು ಈ ರೂಢಿಗೆ ಅನುಕೂಲ ಮಾಡಿಕೊಟ್ಟಿದೆ. ಜರ್ಮನಿಯಲ್ಲಿ 1997ರಿಂದ ಋತುಮಾನದ ನೋಂದಣಿ ಫಲಕ ಜಾರಿಯಲ್ಲಿದೆ. ವಾಹನವು ವರ್ಷದ ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ರಸ್ತೆಗಿಳಿಯಬಹುದು ಎಂಬುದನ್ನು ಫಲಕದ ಬಲತುದಿಯಲ್ಲೇ ಅಚ್ಚುಹಾಕಿರುತ್ತಾರೆ. ತೆರಿಗೆಯೂ ಆ ತಿಂಗಳುಗಳಿಗೆ ಮಾತ್ರ. ಉಳಿದ ಅವಧಿಯಲ್ಲಿ ಅದನ್ನು ಓಡಿಸುವುದಿರಲಿ, ಸಾರ್ವಜನಿಕ ರಸ್ತೆಯ ಬದಿಯಲ್ಲಿ ನಿಲ್ಲಿಸುವುದೂ ನಿಷಿದ್ಧ. ಬ್ರಿಟನ್ನಿನಲ್ಲಿ ವಾಹನವನ್ನು ರಸ್ತೆಯಿಂದ ಹೊರಗಿಟ್ಟಿರುವುದಾಗಿ ಸರ್ಕಾರಕ್ಕೆ ತಿಳಿಸಿ ರಸ್ತೆ ತೆರಿಗೆಯಿಂದ ವಿನಾಯಿತಿ ಪಡೆಯುವ ವ್ಯವಸ್ಥೆ 1998ರಲ್ಲಿ ಬಂದಿತು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರುಗಳು ಕಡ್ಡಾಯವಾಗಿರುವುದರಿಂದ, ಎರಡನೆಯ ಕಾರಿಗೆ ಇನ್ನೊಂದು ಜೊತೆ ಟೈರು ಕೊಳ್ಳುವ ಬದಲು ಅದನ್ನು ನಿಲ್ಲಿಸಿಬಿಡುವವರೂ ಇದ್ದಾರೆ.

ಬ್ಯಾಟರಿ

ನಿಂತ ವಾಹನದಲ್ಲಿ ಮೊದಲು ಕೈಕೊಡುವುದು ಬ್ಯಾಟರಿ. ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಲ್ಲಿ ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿರುವುದು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸ-ಆಮ್ಲ ಬ್ಯಾಟರಿಯ ಸುಧಾರಿತ ರೂಪಗಳೇ. ಇದು ಬಳಸದೆ ಇಟ್ಟರೂ ತಾನಾಗಿಯೇ ನಿಧಾನವಾಗಿ ಬರಿದಾಗುತ್ತದೆ. ಇದರ ಜೊತೆಗೆ ಗಡಿಯಾರ, ಕಳ್ಳತನದ ಎಚ್ಚರಿಕೆ ಗಂಟೆ, ರಿಮೋಟ್ ಕೀಲಿಯ ಗ್ರಾಹಕ ಮತ್ತು ಎಂಜಿನ್ನಿನ ಕಂಪ್ಯೂಟರು ಕೀಲಿ ತೆಗೆದ ಮೇಲೂ ಅಲ್ಪ ಪ್ರಮಾಣದ ವಿದ್ಯುತ್ತನ್ನು ಸೆಳೆಯುತ್ತಲೇ ಇರುತ್ತವೆ. ಈ ಸೆಳೆತ 50 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ ದಿನಕ್ಕೆ 1.2 ಆಂಪಿಯರ್-ಗಂಟೆ ಖರ್ಚಾಗುತ್ತದೆ. 60 ಆಂಪಿಯರ್-ಗಂಟೆಯ ಬ್ಯಾಟರಿಯು 25 ದಿನಗಳಲ್ಲಿ ಅರ್ಧ ಬರಿದಾಗಲು ಇಷ್ಟು ಸಾಕು. ನಾಲ್ಕು ತಿಂಗಳು ಬಿಟ್ಟು ಕೀಲಿ ತಿರುಗಿಸಿದಾಗ ಸೆಲ್ಫ್ ಹೊಡೆಯದೆ 'ಟಿಕ್ ಟಿಕ್' ಎಂಬ ಸದ್ದು ಮಾತ್ರ ಕೇಳಿಸುವುದು ಆಶ್ಚರ್ಯದ ಸಂಗತಿಯೇನಲ್ಲ.

ಬರಿದಾದ ಸ್ಥಿತಿಯಲ್ಲಿ ಬಹುಕಾಲ ಉಳಿದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳುಗಳಾಗಿ ಕೂರುತ್ತದೆ. ಈ ಹರಳುಗಳು ಮತ್ತೆ ಚಾರ್ಜ್ ಮಾಡಿದರೂ ಪೂರ್ತಿಯಾಗಿ ಕರಗುವುದಿಲ್ಲ. ಹೀಗಾಗಿ ಬ್ಯಾಟರಿಯ ಸಾಮರ್ಥ್ಯ ಶಾಶ್ವತವಾಗಿ ಕುಗ್ಗುತ್ತದೆ. ಚಳಿಪ್ರದೇಶಗಳಲ್ಲಿ ಇನ್ನೊಂದು ಅಪಾಯವೂ ಇದೆ. ಪೂರ್ಣ ಚಾರ್ಜ್ ಇರುವ ಬ್ಯಾಟರಿಯ ಆಮ್ಲದ್ರಾವಣ ಮೈನಸ್ 50 ಡಿಗ್ರಿ ಸೆಲ್ಸಿಯಸ್ಸಿನಲ್ಲೂ ಹೆಪ್ಪುಗಟ್ಟುವುದಿಲ್ಲ. ಬರಿದಾದ ಬ್ಯಾಟರಿಯಲ್ಲಿ ಆ ದ್ರಾವಣ ಬಹುಮಟ್ಟಿಗೆ ನೀರೇ ಆಗಿರುವುದರಿಂದ, ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟಿ ಪೆಟ್ಟಿಗೆಯನ್ನು ಸೀಳಬಹುದು. ಹೆಪ್ಪುಗಟ್ಟಿದ ಅಥವಾ ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡುವುದಾಗಲಿ, ಇನ್ನೊಂದು ವಾಹನದಿಂದ ತಂತಿ ಜೋಡಿಸಿ ಎಂಜಿನ್ ಚಾಲೂ ಮಾಡುವುದಾಗಲಿ ಸಲ್ಲದು. ಅದು ಸಿಡಿಯಬಹುದು.

ಬ್ಯಾಟರಿಯ ಸ್ಥಿತಿಯನ್ನು ಸಾಧಾರಣ ವೋಲ್ಟ್‌ಮೀಟರಿನಿಂದ ಅಳೆಯಬಹುದು. ಕೆಲವು ಗಂಟೆ ಸುಮ್ಮನೆ ಬಿಟ್ಟ ಬ್ಯಾಟರಿ 12.6 ವೋಲ್ಟ್ ಅಥವಾ ಅದಕ್ಕೂ ಹೆಚ್ಚು ತೋರಿಸಿದರೆ ಪೂರ್ಣ ಚಾರ್ಜ್ ಇದೆಯೆಂದೂ, 12.2ರ ಆಸುಪಾಸಿನಲ್ಲಿದ್ದರೆ ಅರ್ಧವೆಂದೂ, 12ಕ್ಕಿಂತ ಕೆಳಗಿದ್ದರೆ ಬರಿದಾಗಿದೆಯೆಂದೂ ತಿಳಿಯಬೇಕು. ಇನ್ನೊಂದು ಕಾರಿನಿಂದ ವಿದ್ಯುತ್ ಪಡೆಯುವಾಗ ತಂತಿ ಜೋಡಿಸುವ ಕ್ರಮ ಮುಖ್ಯ. ಕೆಂಪು ತಂತಿಯನ್ನು ಮೊದಲು ಬರಿದಾದ ಬ್ಯಾಟರಿಯ ಧನಾಗ್ರಕ್ಕೆ, ಅನಂತರ ಒಳ್ಳೆಯ ಬ್ಯಾಟರಿಯ ಧನಾಗ್ರಕ್ಕೆ ಜೋಡಿಸಲಾಗುತ್ತದೆ. ಕಪ್ಪು ತಂತಿಯ ಒಂದು ತುದಿ ಒಳ್ಳೆಯ ಬ್ಯಾಟರಿಯ ಋಣಾಗ್ರಕ್ಕೆ ಸೇರುತ್ತದೆ. ಅದರ ಇನ್ನೊಂದು ತುದಿಯನ್ನು ಬರಿದಾದ ಬ್ಯಾಟರಿಗಲ್ಲ, ಅದರಿಂದ ದೂರವಿರುವ ಎಂಜಿನ್ನಿನ ಬರಿಯ ಲೋಹದ ಭಾಗಕ್ಕೆ ಸಿಕ್ಕಿಸಬೇಕು. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುವುದು ಸಹಜ. ಬ್ಯಾಟರಿಯ ಮೇಲ್ಭಾಗದಲ್ಲಿ ಹೈಡ್ರೋಜನ್ ಅನಿಲ ಸೇರಿರಬಹುದಾದ್ದರಿಂದ ಆ ಕಿಡಿಯನ್ನು ಅಲ್ಲಿಂದ ದೂರವಿಡುವುದು ಈ ಕ್ರಮದ ಉದ್ದೇಶ.

ಬ್ಯಾಟರಿಯನ್ನು ಕಳಚಿಟ್ಟ ಕಾರುಗಳಲ್ಲಿ ಮರುಜೋಡಣೆಯ ನಂತರ ರೇಡಿಯೊ ಗುಪ್ತಸಂಖ್ಯೆ ಕೇಳುವುದು, ಕಿಟಕಿಯ ಗಾಜು ಒಂದೇ ಒತ್ತಿಗೆ ಏರದಿರುವುದು, ಸ್ಟೀರಿಂಗ್ ಸಂವೇದಕದ ದೀಪ ಉರಿಯುವುದು ಸಾಮಾನ್ಯ. ಇವು ಬಹುಪಾಲು ಕೈಪಿಡಿ ನೋಡಿ ಸರಿಪಡಿಸಬಹುದಾದಂಥವು.

ಬ್ರೇಕುಗಳು

ಎಂಜಿನ್ ಚಾಲೂ ಆಗದಿದ್ದರೆ ವಾಹನ ನಿಂತಲ್ಲೇ ಇರುತ್ತದೆ. ಎಂಜಿನ್ ಚಾಲೂ ಆಗಿ ಬ್ರೇಕು ಕೆಲಸ ಮಾಡದಿದ್ದರೆ ಅಪಘಾತವಾಗುತ್ತದೆ. ಆದರೂ ಮಾಲೀಕರ ಗಮನವೆಲ್ಲ ಮೊದಲಿನದರ ಮೇಲೆಯೇ ಇರುವುದು ಕಂಡುಬರುತ್ತದೆ.

ಬ್ರೇಕ್ ಡಿಸ್ಕುಗಳು ಸಾಮಾನ್ಯವಾಗಿ ಎರಕದ ಕಬ್ಬಿಣದವು. ತೇವವಿರುವ ಗ್ಯಾರೇಜಿನಲ್ಲಿ ಅವುಗಳ ಮೇಲೆ ಕೆಲವೇ ದಿನಗಳಲ್ಲಿ ಕಿತ್ತಳೆ ಬಣ್ಣದ ತೆಳು ತುಕ್ಕು ಮೂಡುತ್ತದೆ. ಇದು ಮೊದಲ ಕೆಲವು ಬ್ರೇಕುಗಳಲ್ಲೇ ಉಜ್ಜಿಹೋಗುವುದರಿಂದ ಚಿಂತೆಗೆ ಕಾರಣವಲ್ಲ. ತಿಂಗಳುಗಟ್ಟಲೆ ನಿಂತಾಗ ತುಕ್ಕು ಲೋಹದೊಳಕ್ಕೆ ಇಳಿದು ಕುಳಿಗಳನ್ನು ಮಾಡುತ್ತದೆ. ಆಗ ಬ್ರೇಕಿನ ಹಿಡಿತ ಕಡಿಮೆಯಾಗಿ ಪೆಡಲಿನಲ್ಲಿ ನಡುಕ ಉಂಟಾಗುತ್ತದೆ. ಉಪ್ಪಿನ ರಸ್ತೆಗಳಲ್ಲಿ ಓಡಿದ, ಆಮೇಲೆ ತೊಳೆಯದೆ ನಿಲ್ಲಿಸಿದ ಕಾರುಗಳಲ್ಲಿ ಬ್ರೇಕಿನ ಉಕ್ಕಿನ ಕೊಳವೆಗಳೇ ತುಕ್ಕು ಹಿಡಿದು ತೆಳುವಾಗಿರುವುದುಂಟು. ನಿಧಾನವಾಗಿ ಒತ್ತಿದಾಗ ತಡೆದುಕೊಂಡ ಇಂಥ ಕೊಳವೆ, ಎದುರಿಗೆ ಯಾರೋ ಅಡ್ಡಬಂದು ಪೆಡಲನ್ನು ಬಲವಾಗಿ ತುಳಿದ ಕ್ಷಣದಲ್ಲಿ ಒಡೆಯಬಹುದು.

ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದ ವಾಹನದಲ್ಲಿ ಪ್ಯಾಡು ಅಥವಾ ಲೈನಿಂಗು ತುಕ್ಕಿನಿಂದಾಗಿ ಡಿಸ್ಕಿಗೆ ಇಲ್ಲವೆ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಹ್ಯಾಂಡ್ ಬ್ರೇಕಿನ ತಂತಿಯೊಳಗೆ ಸೇರಿದ ನೀರು ಹೆಪ್ಪುಗಟ್ಟಿದರೂ ಇದೇ ಪರಿಣಾಮ. ಬಾಗಿಲಿನಾಚೆ ಹೋಗಬೇಕಾದ ಕಾರು ಕದಲದಿದ್ದಾಗ ಚಾಲಕರು ಆಕ್ಸಿಲರೇಟರನ್ನು ಇನ್ನಷ್ಟು ಒತ್ತುತ್ತಾರೆ. ಅಂಟಿದ್ದ ಚಕ್ರ ಹಠಾತ್ತನೆ ಬಿಡಿಸಿಕೊಂಡಾಗ ಕಾರು ಗ್ಯಾರೇಜಿನ ಗೋಡೆಗೋ ಬಾಗಿಲಿಗೋ ನುಗ್ಗುತ್ತದೆ. ಕೆಲವೊಮ್ಮೆ ಬಿಡಿಸಿಕೊಂಡಿರುವುದು ಚಕ್ರವಲ್ಲ, ಲೈನಿಂಗು ತನ್ನ ಲೋಹದ ತಟ್ಟೆಯಿಂದ ಕಿತ್ತುಬಂದಿರುತ್ತದೆ. ಆಗ ಕಾರು ಸರಾಗವಾಗಿ ಚಲಿಸುತ್ತದಾದರೂ ಆ ಚಕ್ರಕ್ಕೆ ಬ್ರೇಕ್ ಇಲ್ಲವೆಂದೇ ಅರ್ಥ. ಇದಕ್ಕೆ ವಿರುದ್ಧವಾಗಿ, ಒಂದು ಚಕ್ರದ ಬ್ರೇಕ್ ಹಿಡಿದುಕೊಂಡೇ ಉಳಿದರೆ ಕಾರು ಒಂದು ಬದಿಗೆ ಎಳೆಯುತ್ತದೆ. ಆ ಚಕ್ರ ಬಿಸಿಯಾಗಿ ಸುಟ್ಟ ವಾಸನೆ ಬರುತ್ತದೆ.

ಆದ್ದರಿಂದ ದೀರ್ಘಕಾಲದ ನಿಲುಗಡೆಯಲ್ಲಿ ಹ್ಯಾಂಡ್ ಬ್ರೇಕ್ ಹಾಕದೆ, ಸಮತಟ್ಟಾದ ನೆಲದಲ್ಲಿ ಚಕ್ರಗಳ ಹಿಂದೆ ಮುಂದೆ ಅಡ್ಡಗಟ್ಟೆ ಇಟ್ಟು, ಕಾರನ್ನು ಗೇರಿನಲ್ಲಿ ಬಿಡಬೇಕೆಂಬ ಸಲಹೆ ಇದೆ. ಸಲಹೆ ಸರಿಯಾದದ್ದೇ, ಆದರೆ ಅದಕ್ಕೂ ತನ್ನದೇ ಆದ ಅಪಾಯವಿದೆ. ಕಾರು ಗೇರಿನಲ್ಲಿರುವುದನ್ನು ನಾಲ್ಕು ತಿಂಗಳ ನಂತರ ನೆನಪಿಡುವವರು ವಿರಳ. ಕ್ಲಚ್ ಒತ್ತದೆ ಕೀಲಿ ತಿರುಗಿಸಿದರೆ ಹಳೆಯ ಕಾರುಗಳು ಮುಂದಕ್ಕೆ ಜಿಗಿಯುತ್ತವೆ. ತೇವದಿಂದ ಕ್ಲಚ್ ತಟ್ಟೆಯೇ ಫ್ಲೈವೀಲಿಗೆ ಅಂಟಿಕೊಂಡಿದ್ದರೆ ಕ್ಲಚ್ ಒತ್ತಿದರೂ ಅದೇ ಫಲ. ಸ್ಟೀರಿಂಗಿಗೆ ಒಂದು ಚೀಟಿ ಕಟ್ಟಿ 'ಗೇರಿನಲ್ಲಿದೆ, ಅಡ್ಡಗಟ್ಟೆ ಇದೆ, ಚಾರ್ಜರ್ ಜೋಡಿಸಿದೆ' ಎಂದು ಬರೆದಿಡುವುದು ಯಾವ ಉಪಕರಣವೂ ಬೇಡದ ಉಪಾಯ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಡಾಟ್ 4 ದರ್ಜೆಯ ಹೊಸ ಆಯಿಲಿನ ಕನಿಷ್ಠ ಕುದಿಬಿಂದು 230 ಡಿಗ್ರಿ ಸೆಲ್ಸಿಯಸ್. ತೇವ ಸೇರಿದ ಮೇಲೆ ಅದೇ ದರ್ಜೆಗೆ ನಿಗದಿಯಾದ ಮಿತಿ 155 ಡಿಗ್ರಿ ಮಾತ್ರ. ಇಳಿಜಾರಿನಲ್ಲಿ ಸತತವಾಗಿ ಬ್ರೇಕ್ ಹಾಕಿದಾಗ ಆಯಿಲ್ ಕುದಿದು ಆವಿಯ ಗುಳ್ಳೆಗಳಾದರೆ ಪೆಡಲು ಮೆತ್ತಗಾಗಿ ಕೆಳಗಿಳಿಯುತ್ತದೆ. ಓಡಿದ ದೂರ ಎಷ್ಟೇ ಕಡಿಮೆಯಿರಲಿ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಇದನ್ನು ಬದಲಾಯಿಸಲು ಹೇಳುವುದು ಇದೇ ಕಾರಣಕ್ಕೆ.

ಟೈರುಗಳು

ಉಷ್ಣತೆ ಸುಮಾರು 5.6 ಡಿಗ್ರಿ ಸೆಲ್ಸಿಯಸ್ ಇಳಿದಂತೆ ಟೈರಿನ ಒತ್ತಡ ಹತ್ತಿರಹತ್ತಿರ 1 ಪಿಎಸ್‌ಐ ಇಳಿಯುತ್ತದೆ. ರಬ್ಬರಿನ ಮೂಲಕ ನಿಧಾನವಾಗಿ ಸೋರುವ ಗಾಳಿ ಇದರಿಂದ ಬೇರೆಯದು. ಒಂದು ಉದಾಹರಣೆ ನೋಡಬಹುದು. ಅಕ್ಟೋಬರಿನಲ್ಲಿ 15 ಡಿಗ್ರಿಯಲ್ಲಿ 33 ಪಿಎಸ್‌ಐ ತುಂಬಿಸಿದ ಟೈರು ಮೈನಸ್ 13 ಡಿಗ್ರಿಯಲ್ಲಿ ಸುಮಾರು 28 ತೋರಿಸುತ್ತದೆ. ತಿಂಗಳಿಗೆ 1 ಪಿಎಸ್‌ಐ ಸೋರಿದರೆ ನಾಲ್ಕು ತಿಂಗಳ ಕೊನೆಗೆ 24ಕ್ಕೆ ಇಳಿದಿರುತ್ತದೆ. ವಸಂತದ ಬಿಸಿಲಿಗೆ ಉಷ್ಣತೆಯಿಂದಾದ ಇಳಿಕೆ ತುಂಬಿಬರುತ್ತದೆ, ಸೋರಿದ್ದು ಬರುವುದಿಲ್ಲ. ಗಾಳಿ ಕಡಿಮೆಯಿರುವ ಟೈರು ಹೆದ್ದಾರಿಯ ವೇಗದಲ್ಲಿ ಅತಿಯಾಗಿ ಮಡಚಿ ಬಿಸಿಯಾಗಿ ಸಿಡಿಯುವ ಸಂಭವವಿದೆ.

ಒಂದೇ ಭಂಗಿಯಲ್ಲಿ ನಿಂತ ಟೈರಿನ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗುತ್ತದೆ. ಹೊರಟ ಕೂಡಲೇ 'ದಡ್ ದಡ್' ಎಂಬ ಕಂಪನವಾಗಿ ಇದು ತಿಳಿಯುತ್ತದೆ. ಟೈರು ಬಿಸಿಯಾದ ಮೇಲೆ, ಹತ್ತಿಪ್ಪತ್ತು ನಿಮಿಷಗಳ ಓಟದಲ್ಲಿ ಕಂಪನ ನಿಂತರೆ ಸರಿ. ನಿಲ್ಲದಿದ್ದರೆ ಆ ಟೈರು ಶಾಶ್ವತವಾಗಿ ಆಕಾರ ಕೆಟ್ಟಿದೆ. ಹೆಚ್ಚು ಓಡದ ಕಾರುಗಳಲ್ಲಿ ಟೈರಿನ ಗೆರೆಗಳು ಹೊಸದರಂತೆ ಆಳವಾಗಿದ್ದರೂ ರಬ್ಬರು ವಯಸ್ಸಾಗಿ ಬಿರುಕು ಬಿಟ್ಟಿರಬಹುದು. ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ಡಾಟ್ ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ಸೂಚಿಸುತ್ತವೆ: 2319 ಎಂದರೆ 2019ರ 23ನೆಯ ವಾರ.

ಇಂಧನ ಮತ್ತು ಇತರ ದ್ರವಗಳು

ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಅಂಶಗಳು ಮೊದಲು ಹೊರಟುಹೋಗುತ್ತವೆ. ಉಳಿದವು ಗಾಳಿಯೊಂದಿಗೆ ವರ್ತಿಸಿ ಅಂಟಿನಂತಹ ಜಿಗುಟಾಗುತ್ತವೆ. ಎಥನಾಲ್ ಬೆರೆತ ಪೆಟ್ರೋಲು ತೇವವನ್ನೂ ಹೀರುತ್ತದೆ. ನೀರಿನ ಪ್ರಮಾಣ ಒಂದು ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಬೇರ್ಪಟ್ಟು, ಪಂಪು ಇಂಧನವನ್ನೆಳೆಯುವ ಟ್ಯಾಂಕಿನ ತಳದಲ್ಲೇ ಶೇಖರವಾಗುತ್ತವೆ. ಟ್ಯಾಂಕು ತುಂಬಿದ್ದಷ್ಟೂ ಒಳಗಿನ ತೇವದ ಗಾಳಿ ಕಡಿಮೆಯಿರುವುದರಿಂದ, ನಿಲ್ಲಿಸುವ ಮೊದಲು ಟ್ಯಾಂಕ್ ತುಂಬಿಸಿ ಇಂಧನ ಕೆಡದಂತಿರಿಸುವ ದ್ರಾವಣವನ್ನು ಬೆರೆಸುತ್ತಾರೆ. ಬಿಗಿಯಾಗಿ ಮುಚ್ಚಿದ ಇಂಧನ ವ್ಯವಸ್ಥೆಯಿರುವ ಇಂದಿನ ಕಾರುಗಳಿಗೆ ಮೂರು ನಾಲ್ಕು ತಿಂಗಳು ದೊಡ್ಡ ವಿಷಯವಲ್ಲ. ಹೆಚ್ಚು ತೊಂದರೆಯಾಗುವುದು ಕಾರ್ಬ್ಯುರೇಟರ್ ಇರುವ ಹಳೆಯ ಮೋಟಾರು ಸೈಕಲ್ಲುಗಳಿಗೆ. ಅವುಗಳ ಸೂಕ್ಷ್ಮ ರಂಧ್ರಗಳು ಜಿಗುಟಿನಿಂದ ಕಟ್ಟಿಕೊಳ್ಳುತ್ತವೆ.

ಎಂಜಿನ್ನಿನಲ್ಲಿ ಕೂಲೆಂಟಿನ ಬದಲು ಬರಿಯ ನೀರಿದ್ದರೆ ಹೆಪ್ಪುಗಟ್ಟುವಾಗ ಅದು ಗಾತ್ರದಲ್ಲಿ ಸುಮಾರು ಶೇಕಡ 9ರಷ್ಟು ಹಿಗ್ಗಿ ಎಂಜಿನ್ನಿನ ಕವಚವನ್ನೇ ಸೀಳಬಲ್ಲದು. ಎಥಿಲೀನ್ ಗ್ಲೈಕಾಲ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿದ ಕೂಲೆಂಟು ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಸಿಹಿರುಚಿಯ ಈ ದ್ರವ ನಾಯಿ, ಬೆಕ್ಕು ಮತ್ತು ಮಕ್ಕಳಿಗೆ ಮಾರಕ ವಿಷ. ನೆಲಕ್ಕೆ ಸೋರಿದ್ದನ್ನು ಕೂಡಲೇ ತೊಳೆಯಬೇಕು.

ಇಲಿಗಳ ಹಾವಳಿ

ಕದಲದ ಕಾರು ಇಲಿಗಳಿಗೆ ಸುರಕ್ಷಿತ ಮನೆ. ಗಾಳಿಶೋಧಕದ ಪೆಟ್ಟಿಗೆ, ಬಾನೆಟ್ಟಿನ ಒಳಹೊದಿಕೆ, ಬ್ಲೋವರ್, ಸೀಟಿನ ಒಳಭಾಗ ಇವುಗಳಲ್ಲಿ ಅವು ಎಲೆ, ಹುಲ್ಲು, ಹರಿದ ಬಟ್ಟೆಯ ಗೂಡು ಕಟ್ಟುತ್ತವೆ. ಹೊಸ ಕಾರುಗಳ ತಂತಿಯ ಹೊದಿಕೆಯಲ್ಲಿ ಸೋಯಾ ಅಂಶವಿರುವುದೇ ಇಲಿಗಳನ್ನು ಆಕರ್ಷಿಸುತ್ತದೆ ಎಂಬ ಮಾತು ಪ್ರಚಾರದಲ್ಲಿದೆ. ದಂಶಕಗಳ ಬಾಚಿಹಲ್ಲು ಜೀವನವಿಡೀ ಬೆಳೆಯುವುದರಿಂದ ಅವು ಸಿಕ್ಕಿದ್ದನ್ನೆಲ್ಲ ಕಡಿಯುತ್ತವೆ, ಹಳೆಯ ಕಾರುಗಳ ತಂತಿಗಳನ್ನೂ ಬಿಟ್ಟಿರಲಿಲ್ಲ.

ತುಂಡಾದ ತಂತಿಯಿಂದ ಎಂಜಿನ್ ಚಾಲೂ ಆಗದಿರುವುದು ಇಲ್ಲಿನ ಚಿಕ್ಕ ನಷ್ಟ. ಸೈಲೆನ್ಸರಿಗೆ ಹೋಗುವ ಬಿಸಿ ಕೊಳವೆಯ ಮೇಲೆ ಕಟ್ಟಿದ ಒಣ ಗೂಡಿಗೆ ಬೆಂಕಿ ಹತ್ತಬಹುದು. ಇಲಿ ಕಡಿದ ಸೀಟ್ ಬೆಲ್ಟ್ ನೋಡಲು ಚೆನ್ನಾಗಿಯೇ ಇದ್ದು, ಅಪಘಾತದ ಹೊಡೆತಕ್ಕೆ ಹರಿಯಬಹುದು. ಆದ್ದರಿಂದ ಬೆಲ್ಟನ್ನು ಪೂರ್ತಿ ಹೊರಗೆಳೆದು ಪರೀಕ್ಷಿಸುವುದು ಅಗತ್ಯ. ಉತ್ತರ ಅಮೆರಿಕದಲ್ಲಿ ಕೆಲವು ಜಾತಿಯ ಇಲಿಗಳ ಹಿಕ್ಕೆ ಮತ್ತು ಮೂತ್ರದಿಂದ ಹಾಂಟಾ ವೈರಸ್ ಹರಡುತ್ತದೆ. ಗೂಡನ್ನು ಒಣಗಿದ ಸ್ಥಿತಿಯಲ್ಲಿ ಗುಡಿಸಿದರೆ ಧೂಳಿನೊಂದಿಗೆ ವೈರಸ್ ಉಸಿರಿಗೆ ಸೇರುವುದರಿಂದ, ಮೊದಲು ಕ್ರಿಮಿನಾಶಕದಿಂದ ನೆನೆಸಿ, ಕೈಗವಸು ಧರಿಸಿ ತೆಗೆಯಬೇಕು.

ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಚಾಲನೆ

ವಾರಕ್ಕೊಮ್ಮೆ ಗ್ಯಾರೇಜಿನಲ್ಲೇ ಎಂಜಿನ್ನನ್ನು ಐದು ನಿಮಿಷ ಚಾಲೂ ಇಡುವ ಅಭ್ಯಾಸ ಹಲವರಿಗಿದೆ. ಇದರಿಂದ ಪ್ರಯೋಜನಕ್ಕಿಂತ ಹಾನಿಯೇ ಹೆಚ್ಚು. ಎಂಜಿನ್ ಪೂರ್ತಿ ಬಿಸಿಯಾಗದ ಕಾರಣ ದಹನದಿಂದ ಉಂಟಾದ ನೀರು ಆಯಿಲಿನಲ್ಲೂ ಸೈಲೆನ್ಸರಿನಲ್ಲೂ ಉಳಿದು ತುಕ್ಕಿಗೆ ಕಾರಣವಾಗುತ್ತದೆ. ಸೆಲ್ಫ್ ಹೊಡೆಯಲು ಬ್ಯಾಟರಿ ಕೊಟ್ಟ ವಿದ್ಯುತ್ತು ಐದು ನಿಮಿಷದಲ್ಲಿ ಮರಳಿ ತುಂಬುವ ಭರವಸೆಯೂ ಇಲ್ಲ.

ಇದಕ್ಕಿಂತ ಗಂಭೀರವಾದದ್ದು ಕಾರ್ಬನ್ ಮಾನಾಕ್ಸೈಡ್. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಈ ಅನಿಲ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಣ್ಣಗಿನ ಎಂಜಿನ್ನಿಗೆ ಗಾಳಿಯ ಪಾಲಿಗಿಂತ ಹೆಚ್ಚು ಪೆಟ್ರೋಲು ಹೋಗುತ್ತದೆ. ಹೊಗೆಯನ್ನು ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರು ಬಿಸಿಯಾಗುವವರೆಗೆ ಕೆಲಸ ಮಾಡುವುದಿಲ್ಲ. ಅಂದರೆ ಬಹುದಿನಗಳ ನಂತರ ಎಂಜಿನ್ ಚಾಲೂ ಮಾಡಿದ ಮೊದಲ ನಿಮಿಷಗಳಲ್ಲೇ ಈ ಅನಿಲ ಅತಿ ಹೆಚ್ಚು. ಗ್ಯಾರೇಜಿನ ಬಾಗಿಲು ತೆರೆದಿದ್ದ ಮಾತ್ರಕ್ಕೆ ಸುರಕ್ಷಿತವೆನ್ನಲಾಗದು. ಮನೆಗೆ ಅಂಟಿಕೊಂಡ ಗ್ಯಾರೇಜಿನಿಂದ ಅನಿಲ ಮಲಗುವ ಕೋಣೆಯವರೆಗೂ ಹೋಗಬಲ್ಲದು. ತಲೆನೋವು, ತಲೆಸುತ್ತು, ವಾಕರಿಕೆ ಕಂಡರೆ ಕೂಡಲೇ ಹೊರಗಿನ ಗಾಳಿಗೆ ಬಂದು ವೈದ್ಯಕೀಯ ನೆರವು ಪಡೆಯಬೇಕು. ವಸಂತದಲ್ಲಿ ಕಾರನ್ನು ಸಾಧ್ಯವಾದರೆ ತಳ್ಳಿಕೊಂಡು ಹೊರಗೆ ತಂದು ಚಾಲೂ ಮಾಡುವುದು ಉತ್ತಮ. ಚಾಲೂ ಮಾಡುವ ಮುನ್ನ ಸೈಲೆನ್ಸರಿನ ಬಾಯಿಯಲ್ಲಿ ಬಟ್ಟೆಯೋ ಗೂಡೋ ಇಲ್ಲವೆಂದು ನೋಡಿಕೊಳ್ಳಬೇಕು.

ಮೊದಲ ಪ್ರಯಾಣ ಮತ್ತು ಸಣ್ಣ ಅಪಘಾತಗಳು

ಮೊದಲ ದಿನದ ಅಪಘಾತಗಳಲ್ಲಿ ಕೆಲವು ತೀರ ಕ್ಷುಲ್ಲಕ ಕಾರಣದವು: ಗೋಡೆಗೆ ಸಿಕ್ಕಿಸಿದ ಚಾರ್ಜರಿನ ತಂತಿಯನ್ನು ಎಳೆದುಕೊಂಡೇ ಹೊರಡುವುದು, ಅಡ್ಡಗಟ್ಟೆಯನ್ನು ಹತ್ತಿಸಿ ಇಳಿಸುವುದು, ಚಳಿಗಾಲದಲ್ಲಿ ಕಾರಿನ ಹಿಂದೆ ಪೇರಿಸಿಟ್ಟ ಸಾಮಾನಿಗೆ ಗುದ್ದುವುದು. ಗಾಜಿಗೆ ಅಂಟಿದ ವೈಪರನ್ನು ಚಾಲೂ ಮಾಡಿದರೆ ರಬ್ಬರು ಹರಿದು, ಮಳೆ ಬಂದಾಗ ಎದುರಿನ ರಸ್ತೆ ಕಾಣಿಸುವುದಿಲ್ಲ.

ರಸ್ತೆಗಿಳಿಯುವ ಮೊದಲು ಮನೆಯ ಅಂಗಳದಲ್ಲೇ, ನಡಿಗೆಯ ವೇಗದಲ್ಲಿ, ಹಲವು ಬಾರಿ ಬ್ರೇಕ್ ಹಾಕಿ ನೋಡಬೇಕು. ಪೆಡಲನ್ನು ಒತ್ತಿ ಹಿಡಿದಾಗ ಅದು ನಿಧಾನವಾಗಿ ಕೆಳಗಿಳಿದರೆ ಎಲ್ಲೋ ಸೋರಿಕೆಯಿದೆ. ಅಂಥ ಕಾರನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗಬಾರದು, ಎಳೆಸಿಕೊಂಡು ಹೋಗಬೇಕು. ನಾಲ್ಕೈದು ಕಿಲೋಮೀಟರು ಓಡಿಸಿದ ನಂತರ ನಿಲ್ಲಿಸಿ ನಾಲ್ಕೂ ಚಕ್ರಗಳ ಬಳಿ, ಲೋಹವನ್ನು ಮುಟ್ಟದೆ, ಅಂಗೈ ಹಿಡಿದು ಶಾಖವನ್ನು ಹೋಲಿಸಿದರೆ ಹಿಡಿದುಕೊಂಡ ಬ್ರೇಕು ತಿಳಿದುಬಿಡುತ್ತದೆ.

ರಸ್ತೆಯೂ ಶರತ್ಕಾಲದಲ್ಲಿದ್ದಂತೆ ಇರುವುದಿಲ್ಲ. ಬಿರುಕುಗಳಲ್ಲಿ ಸೇರಿದ ನೀರು ಹೆಪ್ಪುಗಟ್ಟಿ ಕರಗಿದ್ದರಿಂದ ಗುಂಡಿಗಳು ಬಿದ್ದಿರುತ್ತವೆ. ಜಾರದಿರಲೆಂದು ಚಳಿಗಾಲದಲ್ಲಿ ಹಾಕಿದ ಮರಳು ಮತ್ತು ಸಣ್ಣ ಜಲ್ಲಿ ತಿರುವುಗಳಲ್ಲಿ ಉಳಿದಿರುತ್ತದೆ. ಮೋಟಾರು ಸೈಕಲ್ ಸವಾರರಿಗೆ ಇದು ಹಿಮದಷ್ಟೇ ಅಪಾಯಕಾರಿ. ಹಗಲು ಬೆಚ್ಚಗಿದ್ದರೂ ಮುಂಜಾನೆಯ ರಸ್ತೆ ತಣ್ಣಗಿರುತ್ತದೆ. ಬೇಸಿಗೆಯ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಆರು ತಿಂಗಳು ಬೈಕ್ ಮುಟ್ಟದ ಸವಾರನ ಅಭ್ಯಾಸವೂ ಅಷ್ಟೇ ಮಟ್ಟಿಗೆ ಸಡಿಲಾಗಿರುತ್ತದೆ.

ವಿದ್ಯುತ್ ವಾಹನಗಳು

ಲಿಥಿಯಂ-ಅಯಾನ್ ಬ್ಯಾಟರಿಯನ್ನು ಪೂರ್ತಿ ತುಂಬಿಸಿಯಾಗಲಿ ಪೂರ್ತಿ ಬರಿದುಮಾಡಿಯಾಗಲಿ ಬಹುಕಾಲ ಇಡುವುದು ಹಾನಿಕರ. ಸುಮಾರು ಅರ್ಧದಷ್ಟು ಚಾರ್ಜ್ ಇರುವಂತೆ ನಿಲ್ಲಿಸುವುದು ಸಾಮಾನ್ಯ ಶಿಫಾರಸು. ಈ ವಾಹನಗಳಲ್ಲೂ ದೀಪ, ಬಾಗಿಲಿನ ಬೀಗ ಮತ್ತು ಕಂಪ್ಯೂಟರುಗಳಿಗಾಗಿ ಚಿಕ್ಕ 12 ವೋಲ್ಟ್ ಬ್ಯಾಟರಿಯೊಂದು ಸಾಮಾನ್ಯವಾಗಿ ಇರುತ್ತದೆ. ದೊಡ್ಡ ಬ್ಯಾಟರಿ ತುಂಬಿದ್ದರೂ ಈ ಚಿಕ್ಕದು ಬರಿದಾದರೆ ವಾಹನ ಏಳುವುದಿಲ್ಲ.

ಭಾರತದಲ್ಲಿ

ಭಾರತದಲ್ಲಿ ಕೊರೆಯುವ ಚಳಿಗೆ ಸಂಬಂಧಿಸಿದ ತೊಂದರೆಗಳು ಹಿಮಾಲಯದ ಪ್ರದೇಶಗಳಿಗೆ ಸೀಮಿತ. ಲಡಾಖಿನಲ್ಲಿ ಸಾಮಾನ್ಯ ಡೀಸೆಲ್ ಚಳಿಗೆ ಮೇಣಗಟ್ಟುತ್ತಿದ್ದುದರಿಂದ ಇಂಡಿಯನ್ ಆಯಿಲ್ ಸಂಸ್ಥೆ 2019ರ ನವೆಂಬರಿನಲ್ಲಿ ಮೈನಸ್ 33 ಡಿಗ್ರಿಯವರೆಗೆ ಹರಿಯುವ ಚಳಿಗಾಲದ ಡೀಸೆಲನ್ನು ಅಲ್ಲಿ ಬಿಡುಗಡೆ ಮಾಡಿತು. ಉಳಿದ ಭಾಗಗಳಲ್ಲಿ ದೀರ್ಘ ನಿಲುಗಡೆಯ ತೊಂದರೆಗಳು ಸಾಮೂಹಿಕವಾಗಿ ಅನುಭವಕ್ಕೆ ಬಂದದ್ದು 2020ರ ಮಾರ್ಚ್ 25ರಂದು ಆರಂಭವಾದ ಕೊರೊನಾ ಲಾಕ್‌ಡೌನಿನಲ್ಲಿ. ಬರಿದಾದ ಬ್ಯಾಟರಿ, ಇಳಿದ ಗಾಳಿ, ಇಲಿ ಕಡಿದ ತಂತಿ ಇವುಗಳಿಗೆ ಹಿಮವೇ ಬೇಕಿಲ್ಲ. ಕರ್ನಾಟಕದ ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದ ತೇವವೇ ಸಾಕು. ಹ್ಯಾಂಡ್ ಬ್ರೇಕ್ ಹಾಕಿ ಮಳೆಯಲ್ಲಿ ಬಿಟ್ಟ ಕಾರಿನ ಹಿಂಬದಿಯ ಡ್ರಮ್ ಹಿಡಿದುಕೊಳ್ಳುವುದು, ಸೀಟುಗಳಿಗೆ ಬೂಷ್ಟು ಹಿಡಿಯುವುದು, ಹೆಗ್ಗಣ ಬಾನೆಟ್ ಸೇರುವುದು ಇಲ್ಲಿನ ರೂಪಾಂತರಗಳು.

ಜರ್ಮನಿಯಂತಹ ಋತುಮಾನದ ನೋಂದಣಿ ಭಾರತದಲ್ಲಿಲ್ಲ. ಕರ್ನಾಟಕದಲ್ಲಿ ಖಾಸಗಿ ಕಾರುಗಳಿಗೆ ಜೀವಿತಾವಧಿ ತೆರಿಗೆಯನ್ನು ನೋಂದಣಿಯ ಸಮಯದಲ್ಲೇ ಕಟ್ಟುವುದರಿಂದ, ಕೆಲವು ತಿಂಗಳು ನಿಲ್ಲಿಸಿ ತೆರಿಗೆ ಉಳಿಸುವ ಪ್ರಶ್ನೆ ಏಳುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಬಳಸುವ ವಾಹನಕ್ಕೆ ಮೂರನೆಯವರ ವಿಮೆ ಕಡ್ಡಾಯ. ವಿದೇಶಕ್ಕೆ ಹೋಗಿ ಬಂದವರ ಕಾರಿನಲ್ಲಿ ಬ್ಯಾಟರಿಯ ಜೊತೆಗೆ ವಿಮೆ ಮತ್ತು ಹೊಗೆ ತಪಾಸಣೆಯ ಪ್ರಮಾಣಪತ್ರದ ಅವಧಿಯೂ ಮುಗಿದಿರಬಹುದು. ಮೊದಲ ಪ್ರಯಾಣದಲ್ಲೇ ಡಿಕ್ಕಿಯಾದರೆ, ವಿಮೆಯಿಲ್ಲದ ವಾಹನದ ಮಾಲೀಕರು ಗಾಯಾಳುವಿನ ಪರಿಹಾರವನ್ನು ಕೈಯಿಂದಲೇ ಕಟ್ಟಬೇಕಾಗುತ್ತದೆ.